ಎರಡು ಸ್ಪ್ಯಾನರಿನ ಕೆಲಸ

ಭಾನುವಾರ, ಮಾರ್ಚ್ ಒಂಬತ್ತು
ಮಧ್ಯಾಹ್ನ, ಕೆಲಸದ ಶೆಡ್ಡಿನಿಂದ

ಪ್ರೀತಿಯ ಮೇಸ್ತ್ರಿಗಳಿಗೆ,

ಗಂಡನನ್ನು ಮೇಸ್ತ್ರಿ ಎಂದು ಕರೆಯುವ ಹೆಂಡತಿ ನಾನೊಬ್ಬಳೇ ಇರಬೇಕು ಎಂದು ನೀವು ನಗುತ್ತಿದ್ದಿರಿ. ನೀವು ಬೇರೆ ಊರು ಸೇರಿ ಎರಡು ವರ್ಷವಾಯಿತು. ಹೊಸ ಹೆಸರು ಹುಡುಕುವಷ್ಟು ತ್ರಾಣ ನನಗಿಲ್ಲ, ಅದೇ ಇರಲಿ. ಇಲ್ಲಿ ಎಲ್ಲರೂ ಕ್ಷೇಮ. ಕ್ಷೇಮವೆಂದರೆ ಆಸ್ಪತ್ರೆಗೆ ಓಡುವಂಥದ್ದು ಏನೂ ಇಲ್ಲ, ಅಷ್ಟೇ. ದಣಿವಿದೆ. ಮಲಗಿ ಎದ್ದರೂ ಅದು ನನ್ನ ಜೊತೆಗೇ ಎದ್ದು ಕೂರುತ್ತದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆಯುವ ಮೊದಲೇ ನೀವು “ಇರ್ಲಿ ಬಿಡು” ಅಂದುಬಿಡುತ್ತೀರಿ, ನಾನೂ ಬಿಟ್ಟುಬಿಡುತ್ತೇನೆ. ಹಾಗಾಗಿ ಪತ್ರ.

ಗುಬ್ಬಿ ಪರೀಕ್ಷೆ ಮುಗಿಸಿ ಮನೆಗೆ ಬಂದಿದ್ದಾಳೆ. ಬಂದ ಮಾರನೆಯ ದಿನವೇ ಶೆಡ್ಡಿನ ಅಟ್ಟದ ಮೇಲಿದ್ದ, ಮರಕ್ಕೆ ತೋಡು ಹಾಕುವ ರೂಟರ್ ಮಷೀನನ್ನು ಇಳಿಸಿ, ಧೂಳು ಒರೆಸಿ, ಬೆಂಚಿನ ಮೇಲಿಟ್ಟಳು. “ಕಲಿಸ್ತೀಯಾ, ಇಲ್ಲ ವಿಡಿಯೋ ನೋಡ್ಕೊಂಡು ನಾನೇ ಶುರು ಮಾಡ್ಲಾ?” ಎಂದಳು. ಹಟದಲ್ಲಿ ಥೇಟ್ ನಿಮ್ಮ ಮಗಳೇ. ವಿಡಿಯೋಗಿಂತ ಎಂಟು ಬೆರಳಿನ ಅಮ್ಮನೇ ವಾಸಿ ಎಂದುಕೊಂಡು ಒಪ್ಪಿದೆ.

ಇವತ್ತು ಬೆಳಿಗ್ಗೆ ಕೂತೆವು. ನೀವು ನನಗೆ ಕಲಿಸಿದ ಕ್ರಮದಲ್ಲೇ ಹೇಳುತ್ತ ಹೋದೆ. ಮೊದಲು ಗೋಡೆಯಿಂದ ಪ್ಲಗ್ ಕೀಳು, ಸ್ವಿಚ್ ಆರಿಸಿದರೆ ಸಾಲದು. ಕಿತ್ತ ಪ್ಲಗ್ ಕಣ್ಣೆದುರಿಗೇ ಇರಲಿ. ಮರ ತೋಡುವ ಅಲಗು, ಅಂದರೆ ಬಿಟ್ ಅನ್ನು, ಮಷೀನಿನ ತುದಿಯ ತೂತಿನೊಳಗೆ ಪೂರ್ತಿ ತಳ್ಳಿ, ಒಂದು ಅಕ್ಕಿಕಾಳಿನಷ್ಟು ಹಿಂದಕ್ಕೆಳೆ. ತಳಕ್ಕೆ ತಾಗಿ ಕೂತ ಬಿಟ್ ಬಿಗಿಯಾದಂತೆ ಕಾಣುತ್ತದೆ, ಆಗಿರುವುದಿಲ್ಲ. ಆಳವನ್ನು ಮೂರು ಮಿಲಿಮೀಟರಿಗೆ ನಿಲ್ಲಿಸಿ ತಿರುಪು ಹಾಕು. ಒಂಬತ್ತು ಬೇಕಾದರೆ ಮೂರು ಸಲ ಓಡಿಸು.

“ಒಂದೇ ಸಲ ಜೋರಾಗಿ ಒತ್ತಿದ್ರೆ ಏನಾಗುತ್ತೆ?” ಎಂದಳು.

“ದೊಡ್ಡ ತುತ್ತು ಗಂಟಲಲ್ಲಿ ಸಿಕ್ಕಾಕೊಳ್ಳುತ್ತೆ. ಮಷೀನಿಗೂ ಅಷ್ಟೇ” ಎಂದೆ. ನಕ್ಕಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಇನ್ನು ಬಿಟ್ ಹಿಡಿದಿಡುವ ನಟ್ ಬಿಗಿ ಮಾಡುವುದು. ಒಂದು ಸ್ಪ್ಯಾನರ್ ಮಷೀನಿನ ತಿರುಗುವ ದಂಡವನ್ನು ಅಲುಗದಂತೆ ಹಿಡಿದಿರಬೇಕು, ಇನ್ನೊಂದು ನಟ್ ತಿರುಗಿಸಬೇಕು. ಸ್ಪ್ಯಾನರುಗಳನ್ನು ನಾನು ಅವಳ ಕೈಗೆ ಕೊಡುವಷ್ಟರಲ್ಲಿ ಅವಳು ಬೆರಳಲ್ಲೇ ನಟ್ ತಿರುಗಿಸಿ, “ಟೈಟ್ ಆಯ್ತಲ್ಲಮ್ಮ, ನೋಡು” ಎಂದಳು. ನಾನು ಎದ್ದು ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖ ಹಿಡಿದೆ. ಇವತ್ತಿಗೆ ಸಾಕು, ಮಿಕ್ಕಿದ್ದು ಇನ್ನೊಂದು ದಿನ ಎಂದೆ. ಯಾಕೆಂದು ಕೇಳಿದಳು. ಆಗ ಹೇಳಲಿಲ್ಲ.

ಈಗ ಹೇಳುತ್ತೇನೆ.

ಮೂರು ವರ್ಷದ ಹಿಂದೆ, ಅವತ್ತು ಬೆಳಿಗ್ಗೆ, ನೀವು ಯಾರದೋ ಅಡುಗೆಮನೆಯ ಅಳತೆ ತರಲು ಹೊರಟಿರಿ. ಹೊರಡುವ ಮೊದಲು ಅಂಚು ದುಂಡಗೆ ಮಾಡುವ ಬಿಟ್ ಹಾಕಿ, ಬಿಗಿ ಮಾಡಿಕೊಟ್ಟಿರಿ. “ಮೇಜಿನ ಅಂಚು ಮಾತ್ರ ಹೊಡಿ. ಬೇರೆ ಯಾವುದಕ್ಕೂ ಕೈ ಹಾಕ್ಬೇಡ” ಎಂದಿರಿ. ಕಾಳಜಿಯಿಂದಲೇ ಹೇಳಿದ್ದು. ನನಗೆ ಚುಚ್ಚಿತು. ಹನ್ನೊಂದು ವರ್ಷ ನಿಮ್ಮ ಪಕ್ಕ ನಿಂತು ಮರದ ಪುಡಿ ಕುಡಿದವಳಿಗೆ ಒಂದು ಬಿಟ್ ಬದಲಿಸಲು ಬಾರದೇ ಎನಿಸಿತು. ಮೇಜು ಮುಗಿಸಿದೆ. ನೀವು ಹಾಕಿದ ಬಿಟ್ ಬಿಚ್ಚಿ, ಒರೆಸಿ, ಅದರ ಡಬ್ಬಿಯಲ್ಲಿಟ್ಟೆ. ಡ್ರಾಯರಿನ ಹಲಗೆಗೆ ತೋಡು ಹಾಕಲು ನೇರ ಬಿಟ್ ಕೂರಿಸಿದೆ. ನಟ್ಟನ್ನು ಬೆರಳಲ್ಲಿ ತಿರುಗಿಸಿದ್ದಷ್ಟೇ, ಬಾಗಿಲಲ್ಲಿ ಟೈಲರಮ್ಮ ಕೂಗಿದಳು, ಕುರ್ಚಿಯ ಕಾಲು ಮುರಿದಿದೆ ಎಂದು. ಅವಳ ಮಾತು ನಿಮಗೆ ಗೊತ್ತು, ಗಂಟು ಹಾಕದ ದಾರ. ಕಾಲು ಗಂಟೆ ಹೋಯಿತು. ವಾಪಸು ಬಂದವಳು ಸ್ಪ್ಯಾನರ್ ಹಾಕಿ ಆಗಿದೆ ಎಂದೇ ನಂಬಿದ್ದೆ. ಚಿಕ್ಕ ಹಲಗೆ ತಾನೇ ಎಂದು ಕ್ಲ್ಯಾಂಪನ್ನೂ ಹಾಕದೆ ಎಡಗೈಯಲ್ಲಿ ಒತ್ತಿ ಹಿಡಿದು ಸ್ವಿಚ್ ಹಾಕಿದೆ.

ಬಿಟ್ ಜಾರಿ ಆಳಕ್ಕಿಳಿದು ಹಲಗೆಯನ್ನು ಕಚ್ಚಿತು. ಮಷೀನು ಕೈಯಿಂದ ಚಿಮ್ಮಿತು. ಬೀಳುವುದನ್ನು ಹಿಡಿದು ಹಿಡಿದು ರೂಢಿಯಾದ ಬಲಗೈ ತಾನಾಗಿ ಮುಂದೆ ಹೋಯಿತು. ಮುಂದಿನದು ನಿಮಗೆ ಗೊತ್ತು.

ಆಸ್ಪತ್ರೆಯಲ್ಲಿ ನಾನು ಕಣ್ಣು ಮುಚ್ಚಿದ್ದೆ, ನಿದ್ದೆ ಬಂದಿರಲಿಲ್ಲ. ಬಾಗಿಲ ಹೊರಗೆ ಅತ್ತಿಗೆ, “ನಟ್ ಸಡಿಲ ಇತ್ತಂತೆ. ನೀನೇ ಅಲ್ವೇನೋ ಹಾಕಿಕೊಟ್ಟಿದ್ದು?” ಎಂದರು. ನೀವು, “ಹೌದಕ್ಕ, ನಾನೇ. ಅವಸರದಲ್ಲಿ ಸರಿಯಾಗಿ ಬಿಗಿ ಮಾಡಿಲ್ಲ ಅನ್ಸುತ್ತೆ” ಎಂದಿರಿ. ಶೆಡ್ಡಿಗೆ ಹೋಗಿ ಆ ಡಬ್ಬಿ ತೆರೆದಿದ್ದರೆ ಸಾಕಿತ್ತು, ನೀವು ಹಾಕಿದ್ದ ಬಿಟ್ ಅದರಲ್ಲಿ ಸುಖವಾಗಿ ಮಲಗಿತ್ತು. ನೀವು ತೆರೆಯಲಿಲ್ಲ. ನಿಮ್ಮನ್ನು ನೀವೇ ಅನುಮಾನಿಸಲು ನಿಮಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ಮೊದಲ ದಿನ ನೋವಿತ್ತು, ಸುಮ್ಮನಿದ್ದೆ. ಎರಡನೆಯ ದಿನ ನೀವು ಬಾಚಣಿಗೆ ತಂದು ನನ್ನ ತಲೆ ಬಾಚಿದಿರಿ. ಸಿಕ್ಕು ಬಿಡಿಸಲು ಬಾರದೆ ನಾಲ್ಕು ಕೂದಲು ಕಿತ್ತಿರಿ, ಅದಕ್ಕೂ ಕ್ಷಮೆ ಕೇಳಿದಿರಿ. ಅವತ್ತೇ ಹೇಳಬೇಕಿತ್ತು. ಆದರೆ ಅಷ್ಟು ಮೆತ್ತಗೆ ನೀವು ನನ್ನನ್ನು ಮುಟ್ಟಿ ಬಹಳ ಕಾಲವಾಗಿತ್ತು. ಆಮೇಲೆ ದಿನ ಕಳೆದಂತೆ ಆ ಮಾತಿಗೆ ತುಕ್ಕು ಹಿಡಿಯಿತು, ತಿರುಗಿಸಿದರೂ ಬರಲಿಲ್ಲ.

ಮಷೀನಿನ ಸದ್ದು ಕೇಳಿದರೆ ಸಾಕು, ನೀವು ಶೆಡ್ಡಿನಿಂದ ಹೊರಗೆ ಹೋಗಿಬಿಡುತ್ತಿದ್ದಿರಿ. ಒಪ್ಪಿಕೊಂಡ ಕೆಲಸವನ್ನೆಲ್ಲ ಬಿಟ್ಟುಕೊಟ್ಟಿರಿ. ನನ್ನ ಕೈ ಕಂಡಾಗಲೆಲ್ಲ ಮುಖ ತಿರುಗಿಸಿದಿರಿ, ನಾನು ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ. ಕಡೆಗೊಂದು ದಿನ ಬ್ಯಾಗು ತುಂಬಿಕೊಂಡು ಹೊರಟಿರಿ. ವಾಸನೆಯಿಂದಲೇ ಮರ ಯಾವುದೆಂದು ಹೇಳುತ್ತಿದ್ದವರು ಈಗ ಯಾರದೋ ಅಂಗಡಿಯಲ್ಲಿ ಕೀಲು, ಚಿಲಕ ಎಣಿಸಿ ಕೊಡುತ್ತಿದ್ದೀರಿ. ಇದಕ್ಕೆ ನಾನೇ ಕಾರಣ ಎಂದು ಹೇಳಲು ನನಗೆ ಮೂರು ವರ್ಷ ಹಿಡಿಯಿತು.

ಗುಬ್ಬಿಗೆ ಇನ್ನೂ ಕಲಿಸಬೇಕಾದ್ದಿದೆ. ಹಲಗೆಗೆ ಕ್ಲ್ಯಾಂಪ್ ಹಾಕುವುದು, ಎರಡೂ ಕೈ ಹಿಡಿಕೆಯ ಮೇಲೇ ಇಡುವುದು, ಬಿಟ್ ತಿರುಗುವುದಕ್ಕೆ ಎದುರಾಗಿ ಮಷೀನು ತಳ್ಳುವುದು, ಪೂರ್ತಿ ನಿಲ್ಲುವವರೆಗೆ ಕೆಳಗಿಡದಿರುವುದು. ಅದನ್ನೆಲ್ಲ ಬಾಯಲ್ಲಿ ಹೇಳಬಲ್ಲೆ. ಸ್ಪ್ಯಾನರ್ ಹಿಡಿದು ತೋರಿಸಲು ನನ್ನ ಬಲಗೈಯಲ್ಲಿ ಹಿಡಿತವಿಲ್ಲ. ಬನ್ನಿ ಎಂದು ಕರೆಯಲು ಬರೆದದ್ದಲ್ಲ ಇದು. ಆ ಧೈರ್ಯ ನನಗಿಲ್ಲ. ನೀವು ಅವತ್ತು ಸರಿಯಾಗಿಯೇ ಬಿಗಿ ಮಾಡಿದ್ದಿರಿ. ಇಷ್ಟು ನಿಮಗೆ ತಿಳಿಯಬೇಕು.

ಹೊತ್ತು ಹೊತ್ತಿಗೆ ಊಟ ಮಾಡಿ.

ಇಂತು,
ಇನ್ನೂ ನಿಮ್ಮವಳು ಎಂದು ಬರೆಯಲು ಅಂಜುವ
ಗುಬ್ಬಿಯ ಅಮ್ಮ

ತಾ.ಕ.: ಅಕ್ಷರ ನೋಡಿ ನಿಮಗೆ ಮೊದಲ ಸಾಲಿಗೇ ಗೊತ್ತಾಗಿರುತ್ತದೆ. ಎಡಗೈಯಲ್ಲಿ ನಾನು ಕಲಿತಿರುವುದು ಸಹಿ ಮಾತ್ರ. ನಾನು ಹೇಳುತ್ತ ಹೋದೆ, ಗುಬ್ಬಿ ಬರೆಯುತ್ತ ಹೋದಳು. ಟೈಲರಮ್ಮ ಕೂಗಿದ ಕಡೆ ಪೆನ್ನು ನಿಂತಿತು. ಬರಿ ಎಂದೆ, ಬರೆದಳು. ಎಲ್ಲ ಮುಗಿದ ಮೇಲೆ ತಲೆಯೆತ್ತದೆ ಕೇಳಿದಳು: “ತಪ್ಪು ಅಪ್ಪಂದೇ ಅಂದ್ಕೊಂಡು ಎರಡು ವರ್ಷ ನಾನು ಅಪ್ಪನ ಫೋನ್ ಎತ್ತದೆ ಇದ್ದಾಗ ನೀನು ಯಾಕಮ್ಮ ಸುಮ್ನೆ ನೋಡ್ತಾ ಇದ್ದೆ?” ಅದನ್ನೂ ಬರಿ ಎಂದೆ. ಇದನ್ನು ಅಂಚೆಗೆ ಹಾಕುವುದಿಲ್ಲವಂತೆ, ನಾಳೆ ಮೊದಲ ಬಸ್ಸಿಗೆ ತಾನೇ ತರುತ್ತಾಳಂತೆ. ನೀವು ಓದುವಾಗ ಅಂಗಡಿಯ ಮುಂದೆ ನಿಂತಿರುತ್ತಾಳೆ. ನನಗೆ ಉತ್ತರ ಬರೆಯಲು ಅವಸರವಿಲ್ಲ. ಮೊದಲು ಅವಳ ಜೊತೆ ಮಾತಾಡಿ.