ಹಳದಿ ಬಾತುಕೋಳಿಯ ಹೆಸರಿನಲ್ಲಿ

ಸುಂಟಿಕೊಪ್ಪ
13-11-2025, ಗುರುವಾರ

ಸೌಜನ್ಯಳ ಅಪ್ಪನಿಗೆ,

ನಮಸ್ಕಾರ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಅತ್ತೆಯ ಮಂಡಿನೋವು ಇದ್ದಂತೆಯೇ ಇದೆ, ನಿಮ್ಮ ಮಗಳು ನಾಲ್ಕು ದಿನದಿಂದ ನನ್ನೊಡನೆ ಮಾತಾಡಿಲ್ಲ, ನನ್ನ ಕ್ಷೇಮ ಮುಂದೆ ಓದಿದರೆ ತಿಳಿಯುತ್ತದೆ. ಫೋನ್ ಮಾಡಬಹುದಿತ್ತು. ಆದರೆ ನಾನು ಒಂದು ಮಾತಾಡುವಷ್ಟರಲ್ಲಿ ನೀವು ನಾಲ್ಕು ಆಡುತ್ತೀರಿ. ಕಾಗದದ ಮುಂದೆ ಆ ಆಟ ನಡೆಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ದಯವಿಟ್ಟು ಕೊನೆಯವರೆಗೆ ಓದಿ.

ಕಳೆದ ಭಾನುವಾರ ನಿಮ್ಮ ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ, ಕುಟುಂಬದ ಹಿರಿಯರೆಲ್ಲರ ಮುಂದೆ, ನೀವು ಫೋನ್ ತೆಗೆದು ಒಂದೊಂದೇ ತಾರೀಕು ಓದಿದಿರಿ. ನೀವು ಸಿಟ್ಟುಮಾಡಿಕೊಂಡು ಪೊನ್ನಂಪೇಟೆಗೆ ಹೋದ ಈ ನಾಲ್ಕು ತಿಂಗಳಲ್ಲಿ ಹತ್ತೊಂಬತ್ತು ದಿನ, ಎಲ್ಲವೂ ಶಾಲೆಯ ದಿನಗಳೇ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಸೌಜನ್ಯ ವಿಡಿಯೊ ನೋಡುತ್ತಿದ್ದಳು ಎಂದಿರಿ. ತಾಯಿ ಆರೂಮುಕ್ಕಾಲಿಗೇ ಎಸ್ಟೇಟಿಗೆ ಹೋಗುತ್ತಾಳೆ, ಮಗಳು ಶಾಲೆ ತಪ್ಪಿಸಿ ಟಿವಿ ಮುಂದೆ ಬಿದ್ದಿರುತ್ತಾಳೆ, ಹಾಗಾಗಿ ಅವಳು ನಿಮ್ಮ ಜೊತೆಗಿರಲಿ ಎಂದಿರಿ. ನಿಮ್ಮ ದೊಡ್ಡಪ್ಪ ಬೊಳ್ಳಪ್ಪನವರು, ಮೆಷಿನ್ನಿಗೆ ಯಾರ ಮೇಲೂ ಪ್ರೀತಿಯಿಲ್ಲ, ದ್ವೇಷವೂ ಇಲ್ಲ, ಅದು ಸುಳ್ಳು ಹೇಳುವುದಿಲ್ಲ ಎಂದು ತಲೆದೂಗಿದರು. ಈ ಭಾನುವಾರದೊಳಗೆ ನಾನು ಉತ್ತರ ಕೊಡದಿದ್ದರೆ ಮಗು ನಿಮ್ಮ ಜೊತೆ ಪೊನ್ನಂಪೇಟೆಗೆ ಎಂದು ತೀರ್ಮಾನವಾಯಿತು. ಆ ಹತ್ತು ವರ್ಷದವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ?

ಮನೆಗೆ ಬಂದವಳೇ ಅವಳಿಗೆ ಹೊಡೆದೆ. ಇದನ್ನು ಮುಚ್ಚಿಡುವುದಿಲ್ಲ. ವ್ಯಾನಿನಿಂದ ಎಲ್ಲಿ ಇಳಿಯುತ್ತೀ, ಯಾವಾಗ ವಾಪಸ್ ಬರುತ್ತೀ ಎಂದು ಕೇಳಿದೆ. ಅವಳು ಇಲ್ಲ ಇಲ್ಲ ಎಂದಷ್ಟೂ ಹೊಡೆದೆ. ಅತ್ತೆ ಅಡುಗೆಮನೆಯ ಬಾಗಿಲು ಹಿಡಿದು ನಿಂತಿದ್ದರು.

ಸೋಮವಾರ ಶಾಲೆಗೆ ಹೋದೆ. ಟೀಚರ್ ಹಾಜರಿ ಪುಸ್ತಕ ತೋರಿಸಿದರು. ಜುಲೈನಿಂದ ಸೌಜನ್ಯ ತಪ್ಪಿಸಿದ್ದು ಒಂದೇ ದಿನ, ಜ್ವರ ಬಂದಾಗ. ಆ ದಿನ ನಿಮ್ಮ ಪಟ್ಟಿಯಲ್ಲೇ ಇಲ್ಲ. ಆದರೆ ಆ ಟೀಚರ್ ನನ್ನ ಚಿಕ್ಕಮ್ಮನ ಮಗಳು. ಅವಳ ಪುಸ್ತಕವನ್ನು ನೀವಾಗಲಿ ಬೊಳ್ಳಪ್ಪನವರಾಗಲಿ ಒಪ್ಪುವುದಿಲ್ಲ ಎಂಬುದು ನನಗೆ ಗೊತ್ತು. ಮಗು ಶಾಲೆಯಲ್ಲಿದ್ದರೆ ಮನೆಯಲ್ಲಿ ನೋಡಿದವರು ಯಾರು ಎಂದು ಕೇಳುತ್ತೀರಿ. ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇರುತ್ತದೆ, ಅದನ್ನು ಬಾಯಿಬಿಟ್ಟು ಕೇಳುವುದಿಲ್ಲ.

ನಿಮಗೆ ನೆನಪಿರಬೇಕು. ಎರಡು ವರ್ಷದ ಹಿಂದೆ ಟಿವಿಗೆ ಜೋಡಿಸಿದ ಆ ಕಂಪ್ಯೂಟರಿಗೆ ಯಾವ ವಿಡಿಯೊ ಪ್ಲೇಯರ್ ಹಾಕುವುದೆಂದು ಹೆಣ್ಣು ನೋಡುವವರ ಹಾಗೆ ಒಂದೊಂದನ್ನೇ ತಂದು ಕೂರಿಸಿ ನೋಡಿದಿರಿ. ಒಂದರಲ್ಲಿ ಚಿತ್ರ ಬಂದರೆ ಶಬ್ದವಿಲ್ಲ, ಇನ್ನೊಂದರಲ್ಲಿ ಶಬ್ದ ಬಂದರೆ ಚಿತ್ರ ನಿಂತಲ್ಲೇ ನಿಲ್ಲುತ್ತಿತ್ತು. ಕೊನೆಗೆ ಆ ಕಿತ್ತಳೆ ಬಣ್ಣದ ಕೋನಿನ ವಿಎಲ್‌ಸಿ ಬಂತು. ಹಳೆಯ ಡಿವಿಡಿಯಿಂದ ಹಿಡಿದು ಫೋನಿನ ವಿಡಿಯೊದವರೆಗೆ ಕೊಟ್ಟದ್ದನ್ನೆಲ್ಲ ಆಡಿಸಿತು. ನನಗೆ ಅಷ್ಟು ಸಾಕಾಗಿತ್ತು. ನಿಮಗೆ ಸಾಕಾಗಲಿಲ್ಲ. ಮೀಡಿಯಾ ಸೆಂಟರ್ ಬೇಕು, ಎಲ್ಲ ವಿಡಿಯೊಗಳೂ ಗ್ರಂಥಾಲಯದ ಹಾಗೆ ಸಾಲಾಗಿ ಕಾಣಬೇಕು, ಒಬ್ಬೊಬ್ಬರಿಗೂ ಬೇರೆ ಹೆಸರು, ಬೇರೆ ಚಿತ್ರ, ಹೊರಗಿದ್ದರೂ ಫೋನಿನಲ್ಲಿ ತೆರೆಯಬೇಕು ಎಂದಿರಿ. ನಿಮ್ಮ ಹೆಸರಿಗೊಂದು ಗುಟ್ಟಿನ ನಂಬರ್, ನನ್ನ ಹೆಸರಿಗೊಂದು. ಸೌಜನ್ಯ ಚಿಕ್ಕವಳೆಂದು ಅವಳ ಹೆಸರಿಗೆ ಹಳದಿ ಬಾತುಕೋಳಿಯ ಚಿತ್ರ ಹಾಕಿ ನಂಬರಿಲ್ಲದೆ ಬಿಟ್ಟಿರಿ. ಅತ್ತೆಗೂ ಒಂದು ಮಾಡಿ ಎಂದಾಗ ನೀವು ನಕ್ಕಿರಿ. ಅವ್ವನಿಗ್ಯಾಕೆ, ಅವರಿಗೆ ರಿಮೋಟ್ ಹಿಡಿಯಲಿಕ್ಕೂ ಬರುವುದಿಲ್ಲ ಎಂದಿರಿ. ಮನೆಯಲ್ಲಿ ಯಾರು ಏನು ನೋಡುತ್ತಾರೆ ಎಂಬುದೆಲ್ಲ ನಿಮ್ಮ ಫೋನಿಗೆ ಬರುತ್ತದೆ ಎಂಬುದನ್ನು ಮಾತ್ರ ನೀವು ಯಾರಿಗೂ ಹೇಳಲಿಲ್ಲ.

ನಾನು ಹನ್ನೊಂದು ವರ್ಷದಿಂದ ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್. ದಿನಾ ಬೆಳಿಗ್ಗೆ ಲೈನ್‌ಮನೆಗಳ ಆಳುಗಳ ಹೆಸರು ಕೂಗುತ್ತೇನೆ. ಒಬ್ಬಳ ಹೆಸರಿಗೆ ಇನ್ನೊಬ್ಬಳು ಓ ಎನ್ನುವುದು ನನಗೆ ಹೊಸದಲ್ಲ. ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಆಳು ತೋಟದಲ್ಲಿದ್ದಾಳೆ ಎಂದಲ್ಲ, ಮುಖ ನೋಡಿಯೇ ಟಿಕ್ ಹಾಕಬೇಕು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಈ ಬುದ್ಧಿ ನನಗೆ ಸೋಮವಾರ ಬಂತು, ಭಾನುವಾರ ಬರಲಿಲ್ಲ.

ಮಂಗಳವಾರ ಅರೇಬಿಕಾ ಕಾಫಿ ಪಿಕಿಂಗ್ ನಡೆಯುತ್ತಿದ್ದರೂ ಮ್ಯಾನೇಜರ ಕೈಕಾಲು ಹಿಡಿದು ಹತ್ತೂಮುಕ್ಕಾಲಿಗೆ ಮನೆಗೆ ಬಂದೆ. ಹಿಂಬಾಗಿಲಿನಿಂದ ಒಳಗೆ ಹೋದೆ. ಯಾರಿರಬಹುದು ಎಂದು ಏನೇನೋ ಯೋಚಿಸಿದ್ದೆ, ಅವನ್ನೆಲ್ಲ ಇಲ್ಲಿ ಬರೆಯಲಾರೆ. ಹಾಲಿನಲ್ಲಿ ಟಿವಿಯ ಮುಂದೆ ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ನಿಮ್ಮ ಅವ್ವ ಕೂತಿದ್ದರು. ಕೈಯಲ್ಲಿ ರಿಮೋಟ್. ಪರದೆಯ ಮೇಲೆ ನಮ್ಮ ಮದುವೆ. ಧಾರೆಯಾದ ಮೇಲೆ ನೀವು ಅವರ ಕಾಲಿಗೆ ಬಿದ್ದು ಎದ್ದು ನಿಂತು ನಗುತ್ತೀರಲ್ಲ, ಅಲ್ಲಿಗೆ ನಿಲ್ಲಿಸಿದ್ದರು.

ನನ್ನನ್ನು ಕಂಡು ಅವರು ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಎದ್ದರು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ: "ಅದ್ ಗೂಡೆ ಅಲ್ಲ, ನಾನ್. ಹೈದನ ಮೋರೆ ನೋಡಿಕೆ ಆಸೆ ಆತ್."

ಮಗನ ಮುಖ ನೋಡುವ ಆಸೆಗೆ ಆ ಹುಡುಗಿಯ ಹೆಸರಿನಲ್ಲಿ ನೋಡುತ್ತಿದ್ದದ್ದು ಅವರೇ. ಇಂಗ್ಲಿಷ್ ಹೆಸರು ಅವರಿಗೆ ಓದಲು ಬರುವುದಿಲ್ಲ. ಬಾತುಕೋಳಿ ಒತ್ತಿದರೆ ನಂಬರ್ ಕೇಳದೆ ತೆರೆಯುತ್ತದೆ ಎಂದು ಮೊಮ್ಮಗಳನ್ನು ನೋಡಿ ಕಲಿತಿದ್ದರು. ಮಗ ಮನೆಬಿಟ್ಟು ಹೋಗಿದ್ದಾನೆ, ಅವನಿಗಾಗಿ ಅಳುತ್ತಾ ಕೂತರೆ ಸೊಸೆಗೆ ಬೇಸರವಾದೀತು ಎಂದು ನಾನಿಲ್ಲದ ಹೊತ್ತು ಹುಡುಕಿಕೊಂಡಿದ್ದರು. ಭಾನುವಾರ ಮಗುವಿಗೆ ಪೆಟ್ಟು ಬೀಳುವಾಗ ಹೇಳಲು ಬಂದರಂತೆ, ನನ್ನ ಮುಖ ನೋಡಿ ಹೆದರಿದರಂತೆ. ಅವರು ಹೆದರಿದ್ದು ನನಗೆ, ನಿಮಗಲ್ಲ. ಇದೂ ನನ್ನ ತಪ್ಪಿನ ಲೆಕ್ಕಕ್ಕೇ ಇರಲಿ.

ಈಗ ನಿಮ್ಮನ್ನು ಒಂದೇ ಕೇಳುತ್ತೇನೆ. ನಿಮ್ಮ ಫೋನಿಗೆ ಬಂದದ್ದು ಸೌಜನ್ಯ ಎಂಬ ಹೆಸರು, ಒಂದು ಹೊತ್ತು, ಮತ್ತು 'ವಿಟಿಎಸ್ 02' ಎಂಬ ಅಕ್ಷರ. ಮದುವೆಯ ಡಿವಿಡಿಯಿಂದ ಆ ವಿಡಿಯೊ ಇಳಿಸಿಕೊಂಡ ಮೇಲೆ ಅದಕ್ಕೊಂದು ಹೆಸರಿಡುವ ತಾಳ್ಮೆ ನಿಮಗಿರಲಿಲ್ಲ. ಆಗಲಿ. ಹತ್ತೊಂಬತ್ತು ಸಲದಲ್ಲಿ ಒಂದು ಸಲವಾದರೂ ಅದು ಏನೆಂದು ತೆರೆದು ನೋಡಿದಿರಾ? ತೆರೆದಿದ್ದರೆ ನಿಮ್ಮದೇ ಮುಖ ಕಾಣುತ್ತಿತ್ತು. ಮೊದಲ ದಿನವೇ ಫೋನ್ ಮಾಡಿ, ಮಗು ಯಾಕೆ ಶಾಲೆಗೆ ಹೋಗಿಲ್ಲ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕೂಡಿಟ್ಟಿರಿ. ನನಗೆ ನೋವಾದದ್ದು ಅಲ್ಲಿ.

ನಿನ್ನೆ ನಾನೇ ಕೂತು ಕಂಪ್ಯೂಟರ್ ಸರಿಮಾಡಿದೆ. ಮೀಡಿಯಾ ಸೆಂಟರಿನಲ್ಲೇ ಅತ್ತೆಗೊಂದು ಹೆಸರು, ಒಂದು ಚಿತ್ರ ಮಾಡಿಕೊಡೋಣ ಎಂದುಕೊಂಡೆ. ಅದರ ಸಾಲು, ಅಚ್ಚುಕಟ್ಟು ಯಾವ ಪ್ಲೇಯರಿಗೂ ಇಲ್ಲ, ನಿಜವನ್ನು ಹೇಳಬೇಕು. ಆದರೆ ಮುದುಕಿಯ ಕಣ್ಣೀರಿನ ಹೊತ್ತು ಕೂಡ ಪೊನ್ನಂಪೇಟೆಯಲ್ಲಿ ದಾಖಲಾಗುವುದು ನನಗೆ ಬೇಡವೆನಿಸಿತು. ಅದನ್ನು ತೆಗೆದುಹಾಕಿದೆ. ಹಳೆಯ ಕೋನನ್ನೇ ಉಳಿಸಿದೆ. ನೋಡುವವರನ್ನು ನೋಡದ ಪ್ಲೇಯರ್ ನಮ್ಮ ಮನೆಗೆ ಸಾಕು. ಇನ್ನು ನಿಮ್ಮ ಫೋನಿಗೆ ಏನೂ ಬರುವುದಿಲ್ಲ. ತಿಳಿಯಬೇಕಾದದ್ದಿದ್ದರೆ ಮನೆಗೆ ಬಂದು ಕೇಳಿ, ಬಾಗಿಲು ಹಾಕಿಲ್ಲ.

ಅತ್ತೆ ಭಾನುವಾರ ಐನ್‌ಮನೆಗೆ ಬರುತ್ತಾರಂತೆ. ತೂಗುದೀಪದ ಕೆಳಗೆ ನಿಂತು, ದೀಪ ಮುಟ್ಟಿ, ಹತ್ತೊಂಬತ್ತು ದಿನವೂ ನೋಡಿದ್ದು ತಾನೇ ಎಂದು ಹೇಳುತ್ತಾರಂತೆ. ಆ ದೀಪದ ಮುಂದೆ ನಿಮ್ಮ ಮನೆತನದವರು ಸುಳ್ಳಾಡಿದ್ದಿಲ್ಲ, ಹಾಗಾಗಿ ಬೊಳ್ಳಪ್ಪನವರೂ ಒಪ್ಪಲೇಬೇಕು. ಆದರೆ ಎಪ್ಪತ್ತೊಂದರ ಹೆಂಗಸು ಮಗನ ನೆನಪಿಗೆ ಕದ್ದು ಅತ್ತದ್ದನ್ನು ಅಷ್ಟು ಜನರ ಮುಂದೆ ಹೇಳಿಕೊಳ್ಳುವುದನ್ನು ನೀವು ನೋಡಬಲ್ಲಿರಾ? ಶನಿವಾರವೇ ಬನ್ನಿ. ನಿಮ್ಮ ಮಾತನ್ನು ನೀವೇ ವಾಪಸ್ ತೆಗೆದುಕೊಳ್ಳಿ. ಮಗು ಇಲ್ಲೇ ಇರಲಿ. ನೀವು ಇರುವುದು ಬಿಡುವುದು ಆಮೇಲಿನ ಮಾತು.

ಇಂತಿ,
ರಮ್ಯ

ತಾ.ಕ.: ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಸರಿಯಾಗಿದೆ, ಬಸ್ಸಿನವರ ಕೈಯಲ್ಲಿ ಕೊಟ್ಟುಬಿಡು ಎಂದರು. ಕವರಿಗೆ ಅಂಟು ಹಚ್ಚಲು ಕೈ ಬರಲಿಲ್ಲ. ನಿಮ್ಮ ಪಟ್ಟಿಯಲ್ಲಿ ಅಕ್ಟೋಬರ್ ಇಪ್ಪತ್ತೆಂಟು ಇದೆ. ಆ ದಿನ ಅತ್ತೆ ಬೊಳ್ಳಪ್ಪನವರ ಜೊತೆಯಲ್ಲೇ ಮಡಿಕೇರಿಗೆ, ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ತಾರೀಕುಗಳನ್ನೆಲ್ಲ ನನ್ನಿಂದ ಕೇಳಿಕೊಂಡ ಅತ್ತೆಗೂ ಅದು ಗೊತ್ತು. ಗೊತ್ತಿದ್ದೂ ನನ್ನ ಮಾನ ಉಳಿಸಲು ದೀಪ ಮುಟ್ಟಲು ಹೊರಟಿದ್ದಾರೆ. ಆ ದಿನ ತಲೆನೋವೆಂದು ಬೇಗ ಮನೆಗೆ ಬಂದು ಬಾತುಕೋಳಿ ಒತ್ತಿದವಳು ನಾನು. ನಿಮ್ಮ ಮುಖ ನೋಡಬೇಕೆನಿಸಿತ್ತು, ನೋಡಿದೆ. ಮಗುವಿನ ಹೆಸರಿನಲ್ಲಿ ಬೇರೆಯವರೂ ನೋಡಬಹುದು ಎಂದು ಕಳೆದ ಭಾನುವಾರ ಆ ಸಭೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ನಿಮ್ಮ ಮುಖ ನೋಡಲು ಕೂತಿದ್ದೆ ಎಂದು ಹೇಳಿದರೆ ನೀವು ಗೆದ್ದಂತಾಗುತ್ತದೆ ಎಂದು ಸುಮ್ಮನಿದ್ದೆ, ಮನೆಗೆ ಬಂದು ಅವಳಿಗೆ ಹೊಡೆದೆ. ಅತ್ತೆ ದೀಪ ಮುಟ್ಟಲು ಬಿಡುವುದಿಲ್ಲ, ನಾನೇ ಎದ್ದು ಹೇಳುತ್ತೇನೆ. ಅದಕ್ಕೂ ಮೊದಲು ಸೌಜನ್ಯಳಿಗೆ ಹೇಳಬೇಕು. ಅವಳ ವ್ಯಾನ್ ಬರುವ ಹೊತ್ತಾಯಿತು.