ತ್ರಿಶಲಾಳ ಮೊದಲ ತುತ್ತು

|| ಶ್ರೀ ಪಾರ್ಶ್ವನಾಥಾಯ ನಮಃ ||

ಖಾನಾಪುರ
ಬುಧವಾರ, ೧೦ ಫೆಬ್ರುವರಿ ೧೯೮೨

ಪ್ರೀತಿಯ ಹೀರಾಗೆ (ನಾಲ್ಕು ಜನರ ಮುಂದೆ ಅಣ್ಣನ ಹೆಂಡತಿ, ವೈನಿಗೆ),

ಅಕ್ಕಾತಾಯಿಯ ನಮಸ್ಕಾರ. ನಾವು ಇಲ್ಲಿ ಕ್ಷೇಮ. ನೀನೂ ಅಣ್ಣನೂ ಅಲ್ಲಿ ನೆಟ್ಟಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾರ್ಡು ಬಂದು ಮೂರು ವಾರವಾಯಿತು, ಉತ್ತರ ತಡವಾದದ್ದಕ್ಕೆ ಸಿಟ್ಟಾಗಬೇಡ. ಕೂಸು ಮಲಗಿದಾಗ ಬರೆಯೋಣವೆಂದು ಕುಳಿತರೆ ಕೂಸಿಗಿಂತ ಮೊದಲು ನನಗೇ ನಿದ್ದೆ ಬರುತ್ತಿತ್ತು ಎಂದು ಹೇಳಬಹುದು. ಅದು ಅರ್ಧ ಖರೇ. ಇನ್ನರ್ಧ, ಏನು ಬರೆಯಬೇಕೋ ತಿಳಿದಿರಲಿಲ್ಲ. ಇವತ್ತು ತಿಳಿದಿದೆ. ಅದಕ್ಕೇ ಕಾರ್ಡು ಬೇಡವೆಂದು ನಮ್ಮವರು ಹೆಂಚಿನ ಕಾರ್ಖಾನೆಯಿಂದ ತಂದಿಟ್ಟ ಉದ್ದ ಹಾಳೆ ತೆಗೆದುಕೊಂಡಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಈ ರವಿವಾರ ಮುಂಜಾನೆಯ ಗಾಡಿಗೆ ತ್ರಿಶಲಾಳನ್ನು ಎತ್ತಿಕೊಂಡು ಬೆಳಗಾವಿಗೆ ಬರುತ್ತೇನೆ. ಅವಳಿಗೆ ಅನ್ನ ಮುಟ್ಟಿಸುವುದು ನಿಮ್ಮ ಮನೆಯಲ್ಲೇ. ಅಣ್ಣ ಮನೆಯಲ್ಲಿರಲಿ. ನಿನ್ನ ಮೊಳಕಾಲು ನೋಯಲಿ, ಬಿಡಲಿ, ಕೂಸನ್ನು ಕೂರಿಸಿಕೊಳ್ಳಲು ತೊಡೆ ಒಂದಿದ್ದರೆ ಸಾಕು.

ಮೂರು ಸಲ ಕರೆದೆ ಹೀರಾ. ಐದನೇ ತಿಂಗಳು ಮುಗಿಯುತ್ತಿದ್ದಂತೆ ಬರೆದೆ, ರವಿವಾರ ಪೇಟೆಯಲ್ಲಿ ಬೆಲ್ಲದ ಸೀಸನ್ನು, ಅಂಗಡಿ ಬಿಟ್ಟು ಬರಲಾಗುವುದಿಲ್ಲ ಎಂದು ಅಣ್ಣ ಬರೆದ. ಆರನೇ ತಿಂಗಳಲ್ಲಿ ಕರೆದರೆ ಅಂಗಡಿಯ ಧಣಿಯ ಮನೆಯಲ್ಲಿ ಮದುವೆ. ಆಮೇಲೆ ನಿನ್ನ ಕಾರ್ಡು ಬಂತು, ಮೊಳಕಾಲು ನೋವು ಎಂದು. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಬೇರೆ ಯಾರಿಗಾದರೂ ಬರೆಯುತ್ತಿದ್ದೆ. ನಿನಗೆ ಬರೆಯಲು ಕೈ ಬರುವುದಿಲ್ಲ. ಅಕ್ಟೋಬರದಲ್ಲಿ ಇಲ್ಲಿ ತೊಟ್ಟಿಲು ಹಾಕಿದ ದಿನ ನೀನು ಊಟಕ್ಕೂ ನಿಲ್ಲದೆ ಮಧ್ಯಾಹ್ನದ ಗಾಡಿಗೆ ಹೋದವಳು, ಮತ್ತೆ ನಮ್ಮ ಹೊಸ್ತಿಲು ತುಳಿದಿಲ್ಲ. ಅತ್ತೆಯ ಮಾತು ನಿನ್ನ ಕಿವಿಗೆ ಬಿದ್ದಿರಬೇಕು ಎಂದು ನಮ್ಮವರು ಅನ್ನುತ್ತಾರೆ. ಇರಬಹುದು ಎಂದು ನಾನೂ ಹೂಂಗುಟ್ಟಿದ್ದೇನೆ.

ಸೋದರಮಾವ ಬೆರಳಿನ ಉಂಗುರದಿಂದ ಪಾಯಸ ಮುಟ್ಟಿಸದೆ, ಅವನ ಹೆಂಡತಿ ತೊಡೆಯ ಮೇಲೆ ಕೂರಿಸಿಕೊಳ್ಳದೆ ನಮ್ಮ ಕಡೆ ಯಾವ ಕೂಸೂ ಅನ್ನ ಕಂಡಿಲ್ಲ. ಅದಕ್ಕೇ ಕಾದೆ. ನೀವು ಬರುತ್ತೀರಿ, ಇವತ್ತಲ್ಲ ನಾಳೆ ಬರುತ್ತೀರಿ ಎಂದು ದಿನ ದೂಡಿದೆ. ನಾನು ಕಾಯುತ್ತಿರುವಾಗ ನನ್ನ ಜೋಡಿ ಇನ್ನೊಂದು ಜೀವವೂ ಕಾಯುತ್ತಿದೆ ಎಂಬುದನ್ನು ಮರೆತೆ.

ಮೊನ್ನೆ ಸೋಮವಾರ ಸರಕಾರಿ ದವಾಖಾನೆಯಲ್ಲಿ ಕೂಸುಗಳನ್ನು ತೂಗುವ ದಿನ. ಅಲ್ಲಿಯ ನರ್ಸ್ ಜೋಹರಾಬಾಯಿ ಖಾನಾಪುರಕ್ಕೆ ಬಂದು ಇನ್ನೂ ವರ್ಷವಾಗಿಲ್ಲ, ಆಗಲೇ ಅರ್ಧ ಊರಿಗೆ ಅವಳ ಹೆದರಿಕೆ. ತ್ರಿಶಲಾಳನ್ನು ಜೋಳಿಗೆಯಲ್ಲಿ ಹಾಕಿ ತಕ್ಕಡಿಯ ಕೊಕ್ಕೆಗೆ ತೂಗುಬಿಟ್ಟಳು. ಆರು ಕಿಲೋ ನೂರು ಗ್ರಾಂ. ಹೋದ ತಿಂಗಳೂ ಅಷ್ಟೇ. ತೂಕದ ಕಾರ್ಡಿನ ಮೇಲೆ ಪೆನ್ಸಿಲ್ಲಿನ ಗೆರೆ ಮೇಲೇರುವುದನ್ನು ಬಿಟ್ಟು ಅಡ್ಡಕ್ಕೆ ಹೊರಟಿತ್ತು. ಏಳು ತಿಂಗಳಾಯಿತು, ಏನೇನು ತಿನ್ನಿಸುತ್ತೀರಿ ಎಂದು ಕೇಳಿದಳು. ಇನ್ನೂ ಏನೂ ಇಲ್ಲ, ಅವಳ ಮಾಮಾ ಬಂದಿಲ್ಲ ಎಂದೆ. ಜೋಹರಾಬಾಯಿ ಪೆನ್ಸಿಲ್ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಮಾಮಾ ಬರೂತನಕ ಹೊಟ್ಟಿ ಕಾಯ್ತೈತೇನ್ರಿ ಅಕ್ಕಾರ?" ಎಂದಳು.

ಹಾಲು ಬಿಡಿಸಬೇಡಿರಿ, ಆದರೆ ಬರೀ ಹಾಲು ಇನ್ನು ಸಾಲುವುದಿಲ್ಲ, ಮೆತ್ತಗೆ ಕುದಿಸಿದ ಅನ್ನ, ಹೆಸರುಬೇಳೆಯ ಕಟ್ಟು, ಮೇಲೆ ಒಂದಿಷ್ಟು ತುಪ್ಪ, ಹಿಸುಕಿದ ಬಾಳೆಹಣ್ಣು ಕೊಡಿರಿ ಎಂದಳು. ಬಟಾಟಿ, ಗಜ್ಜರಿ ಬೇಯಿಸಿ ಕೊಟ್ಟರೆ ಇನ್ನೂ ಚಲೋ ಅಂದಾಗ ಪಕ್ಕದಲ್ಲಿದ್ದ ನಮ್ಮ ಅತ್ತೆ ನನ್ನ ಸೆರಗು ಜಗ್ಗಿದರು. ಹಲ್ಲು ಬರುವ ಮೊದಲೇ ಮೊಮ್ಮಗಳಿಗೆ ನೆಲದೊಳಗಿನ ಗಡ್ಡೆಯೇ ಎಂದು ಅವರ ಎದೆ ಒಡೆದಿತ್ತು. ನೀವು ಜೈನರಲ್ಲವೇ, ಬಟಾಟಿ ಬಿಡಿರಿ, ಕುಂಬಳಕಾಯಿ ಕೊಡಿರಿ ಎಂದು ಜೋಹರಾಬಾಯಿ ನಕ್ಕಳು. ಕುಂಬಳಕಾಯಿಯ ಮೇಲೆ ಇಬ್ಬರಿಗೂ ಒಪ್ಪಂದವಾಯಿತು. ಬರುವ ಸೋಮವಾರ ಮತ್ತೆ ಕಾರ್ಡು ತರಬೇಕು, ಅಷ್ಟರೊಳಗೆ ಕೂಸಿನ ಹೊಟ್ಟೆಯಲ್ಲಿ ಅನ್ನ ಇರಬೇಕು ಎಂದು ಬೆರಳು ತೋರಿಸಿ ಕಳಿಸಿದಳು.

ದಾರಿಯುದ್ದಕ್ಕೂ ನನಗೆ ನಾಚಿಕೆ. ನಮ್ಮವರು ಊಟಕ್ಕೆ ಕುಳಿತಾಗ ತ್ರಿಶಲಾಳ ಕಣ್ಣು ತಟ್ಟೆಯಿಂದ ಬಾಯಿಗೆ, ಬಾಯಿಂದ ತಟ್ಟೆಗೆ ಓಡಾಡುತ್ತಿದ್ದುದನ್ನು ತಿಂಗಳಿಂದ ನೋಡಿದ್ದೇನೆ. ಇವರು ತುತ್ತು ಎತ್ತಿದರೆ ಅವಳ ಬಾಯಿ ತೆರೆಯುತ್ತದೆ. ಎಷ್ಟು ಚೂಟಿ ಇದ್ದಾಳೆ ನೋಡಿರಿ ಎಂದು ನಾವೆಲ್ಲ ನಗುತ್ತಿದ್ದೆವು. ಹಸಿದಿದ್ದಾಳೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಒಬ್ಬರಿಗೆ ಹೊಳೆದಿತ್ತು ಅನ್ನು. ಮನೆಗೆ ಬಂದ ಮೇಲೆ ಗೊತ್ತಾಯಿತು, ಅತ್ತೆ ಹದಿನೈದು ದಿನದಿಂದ ಚಹಾದಲ್ಲಿ ಬಿಸ್ಕಿಟು ಅದ್ದಿ ಬೆರಳಿನಿಂದ ನೆಕ್ಕಿಸುತ್ತಿದ್ದಾರೆ. ಇದೇನ್ರಿ ಎಂದರೆ ಬಿಸ್ಕಿಟು ಅನ್ನವಲ್ಲವಂತೆ, ಅದಕ್ಕೆ ಶಾಸ್ತ್ರ ಬೇಕಿಲ್ಲವಂತೆ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಗ ಅತ್ತೆಯೇ ದಾರಿ ತೋರಿಸಿದರು. ದೇಸೂರಿನಲ್ಲಿ ನನ್ನ ಕಾಕಾನ ಮಗ ಸಾತಪ್ಪ ಇದ್ದಾನಲ್ಲ, ಅವನೂ ಕೂಸಿಗೆ ಮಾಮನೇ, ಗಂಡ ಹೆಂಡತಿಯನ್ನು ಕರೆಸಿದರೆ ನಾಳೆಯೇ ಮುಗಿಸಬಹುದು, ನಾಲ್ಕು ಮಕ್ಕಳ ತಂದೆ ಎಂದರು. ಆ ನಾಲ್ಕು ಎಂಬ ಮಾತನ್ನು ಎರಡು ಸಲ ಹೇಳಿದರು. ನನ್ನ ಒಡಹುಟ್ಟಿದವನು ಗಾಡಿಯಲ್ಲಿ ಒಂದು ತಾಸಿನ ದಾರಿಯಲ್ಲಿರುವಾಗ ಸಾತಪ್ಪ ಯಾಕೆ ಎಂದು ಕೇಳಿದೆ. ಅತ್ತೆ ಸುತ್ತುಬಳಸಿ ಮಾತಾಡುವವರಲ್ಲ, ಅದೊಂದು ಅವರ ಗುಣ.

"ಮೊದಲನೇ ತುತ್ತು ಯಾರ ಕೈಯಾಗಿಂದ ಬರತೈತೋ ಅವರ ಹಣೇಬರಾ ಕೂಸಿಗೆ ಹತ್ತತೈತಿ. ಹೆಣ್ಣುಕೂಸು ಐತಿ, ನಾಳೆ ಆಕಿ ಮಡಲಾ ತುಂಬಬೇಕು. ಹನ್ನೊಂದು ವರ್ಷ ಬರಿದಾದ ತೊಡಿ ಮ್ಯಾಲ ಕೂಡಸಬ್ಯಾಡ."

ಈ ಮಾತನ್ನು ನಿನಗೆ ಬರೆಯಬಾರದಿತ್ತು ಎಂದು ನಮ್ಮವರು ಅನ್ನಬಹುದು. ನೀನು ಈ ಮಾತನ್ನು ನನಗಿಂತ ಹೆಚ್ಚು ಸಲ ಕೇಳಿದ್ದೀ, ನಿನ್ನಿಂದ ಮುಚ್ಚಿಡುವುದೇನು? ನಾನು ಮಡಿಲಲ್ಲಿದ್ದ ಕೂಸನ್ನು ಕೆಳಗಿಳಿಸಿ ಎದ್ದು ನಿಂತೆ. ಏಳು ವರ್ಷದಲ್ಲಿ ಅತ್ತೆಗೆ ಎದುರಾಡಿದವಳಲ್ಲ.

"ಹಂಗಿದ್ದರ ಆ ಹಣೇಬರಾ ಎಂದೋ ಹತ್ತೈತ್ರಿ ಅತ್ತಿ. ಮೂರು ತಿಂಗಳು ಆಕಿ ಕಾಲ ಮ್ಯಾಲ ಎರಕೊಂಡೈತಿ, ಆಕಿ ತೊಡಿ ಮ್ಯಾಲ ಮಲಗೈತಿ ಈ ಕೂಸು. ಅನ್ನ ಉಣ್ಣೂದೂ ಅಲ್ಲೇ."

ನನ್ನ ದನಿ ಏರಿದ್ದಕ್ಕೆ ಕೂಸು ಅತ್ತಿತು. ಅತ್ತೆ ಅದನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು. ನಾನು ಸುಳ್ಳು ಹೇಳಿದ್ದೇನು? ಅವ್ವ ಇದ್ದಿದ್ದರೆ ಬಾಣಂತನವನ್ನು ಅವಳು ಮಾಡುತ್ತಿದ್ದಳು. ಅವ್ವ ಇಲ್ಲದ ತವರನ್ನು ನೀನು ತವರು ಮಾಡಿದೆ. ನನಗೆ ಅಳ್ವಿಯ ಉಂಡಿ ಕಟ್ಟಿ ತಿನ್ನಿಸಿದೆ, ಕೆಂಡ ಹಾಕಿ ಕಾಸಿದೆ, ಬಿಸಿ ನೀರಿನಲ್ಲಿ ನಿನ್ನ ಅಂಗೈ ಕೆಂಪಗಾಗುವವರೆಗೆ ಕೂಸಿಗೆ ಎರೆದೆ. ಅವಳು ಎಷ್ಟು ಹೊತ್ತಿಗೆ ಹಾಲಿಗೆ ಅಳುತ್ತಾಳೆ ಎಂಬುದು ಹೆತ್ತ ನನಗಿಂತ ನಿನಗೆ ಗೊತ್ತಿತ್ತು. ನಾನು ಮಲಗಿದ್ದಾಗ ನೀನೇ ಬಂದು, ಏಳವ್ವಾ, ಇನ್ನ ಹತ್ತು ಮಿನಿಟಿಗೆ ನಿನ್ನ ಧಣಿ ಏಳತಾಳ ಎಂದು ಎಬ್ಬಿಸುತ್ತಿದ್ದೆ.

ಇನ್ನು ನಾನೂ ನಿನ್ನ ಕೈ ತುತ್ತು ಉಂಡೇ ಬೆಳೆದವಳು. ಸಾಲೆಯಲ್ಲಿ ನನ್ನ ಡಬ್ಬಿ ಮೊದಲ ತಾಸಿಗೇ ಖಾಲಿ, ಆಮೇಲೆ ನಿನ್ನ ರೊಟ್ಟಿ, ನಿನ್ನ ಶೇಂಗಾ ಚಟ್ನಿ. ಇಂಥವಳು ಮನೆಗೆ ಬಂದರೆ ಜೀವನವಿಡೀ ಊಟದ ಚಿಂತೆ ಇಲ್ಲ ಎಂದೇ ಅವ್ವನ ಹಿಂದೆ ಬಿದ್ದು ಅಣ್ಣನಿಗೆ ನಿನ್ನನ್ನು ತಂದುಕೊಂಡೆ. ನಿನ್ನ ಕೈಯ ಅನ್ನದಿಂದ ನನಗೆ ಕೆಡುಕಾಗಲಿಲ್ಲ, ನಾಲಿಗೆ ಒಂದಿಷ್ಟು ಉದ್ದವಾಯಿತು ಅಷ್ಟೇ.

ನಮ್ಮವರ ಸುದ್ದಿ ಕೇಳು. ಇಷ್ಟೆಲ್ಲ ನಡೆಯುವಾಗ ಪೇಪರಿನಲ್ಲಿ ಮುಖ ಮುಚ್ಚಿಕೊಂಡು ಕುಳಿತಿದ್ದರು. ನೇಮಣ್ಣಾ, ನೀನರೆ ಹೇಳು ಎಂದು ಅತ್ತೆ ಹಿತ್ತಲಿನಿಂದಲೇ ಕೂಗಿದರು. ಇವರು ಪೇಪರು ಮಡಚಿಟ್ಟು, ಚಪ್ಪಲಿ ಮೆಟ್ಟಿ, ರವಿವಾರ ಗಾಡಿ ಎಷ್ಟಕ್ಕೆ ಬರುತ್ತದೆ ಎಂದು ಸ್ಟೇಶನ್ನಿಗೆ ಹೋಗಿ ಕೇಳಿಕೊಂಡು ಬಂದರು. ಅಷ್ಟೇ ಅವರ ಉತ್ತರ. ಅವರ ಮೇಲೆ ನನಗೆ ಇಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ.

ಅನ್ನ ಮುಟ್ಟಿಸಲು ಮಾಮಾ ಕೂಸಿನ ಮನೆಗೆ ಬರುವುದು ಪದ್ಧತಿ, ಕೂಸು ಮಾಮಾನ ಮನೆ ಹುಡುಕಿಕೊಂಡು ಹೋಗುವುದು ಎಲ್ಲೂ ಇಲ್ಲ, ಭಿಕ್ಷೆಗೆ ಹೋದಂತೆ ಕಾಣುತ್ತದೆ ಎಂದು ಅತ್ತೆ ನಿನ್ನೆ ಕೊನೆಯ ಬಾಣ ಬಿಟ್ಟರು. ಕಾಣಲಿ. ಬೆಳ್ಳಿ ಬಟ್ಟಲು ತವರಿನಿಂದ ಬರಬೇಕು ಎಂಬುದೂ ಪದ್ಧತಿಯೇ. ಅದನ್ನು ಕೊಳ್ಳಲು ಅಣ್ಣ ಓಡಾಡಬಾರದು. ನನಗೆ ಅವ್ವ ಕೊಟ್ಟದ್ದೇ ಇದೆ, ಅದನ್ನು ತರುತ್ತೇನೆ. ನೀನು ಹಳೆ ಅಕ್ಕಿಯ ಅನ್ನವನ್ನು ಮೆತ್ತಗೆ ಮಾಡು, ಹೆಸರುಬೇಳೆ ಹಾಕು. ಪಾಯಸ ಒಂದು ಚಮಚ ಸಾಕು, ಶಾಸ್ತ್ರಕ್ಕೆ. ಅಣ್ಣ ಉಂಗುರದಿಂದ ಮುಟ್ಟಿಸಿ ಅಂಗಡಿಗೆ ಹೋಗುವುದಿದ್ದರೆ ಹೋಗಲಿ. ಅನ್ನದ ತುತ್ತು ಮಾತ್ರ ನಿನ್ನ ಕೈಯಿಂದ. ಅದು ಯಾವ ಶಾಸ್ತ್ರದಲ್ಲೂ ಇಲ್ಲ, ನನ್ನ ಹಟದಲ್ಲಿದೆ.

ಇನ್ನೊಂದು ಮಾತು. ನೀವು ಬೀಗ ಹಾಕಿ ಎಲ್ಲಿಯಾದರೂ ಹೋಗಿದ್ದರೆ ನಿಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ನಾನೇ ಅವಳಿಗೆ ಉಣ್ಣಿಸುತ್ತೇನೆ. ಅದಕ್ಕೆಂದೇ ಒಂದು ಡಬ್ಬಿಯಲ್ಲಿ ಅನ್ನ ಕಟ್ಟಿಕೊಂಡಿರುತ್ತೇನೆ. ಹಸಿದ ಕೂಸನ್ನು ಮತ್ತೆ ಹಸಿದಂತೆಯೇ ಖಾನಾಪುರಕ್ಕೆ ತಿರುಗಿ ತರುವವಳಲ್ಲ. ನನ್ನ ಹಟಕ್ಕೆ ಅವಳನ್ನು ಒಂದು ತಿಂಗಳು ಕಾಯಿಸಿದ್ದೇ ಸಾಕು. ಆದರೆ ನೀನು ಬಾಗಿಲು ತೆರೆಯುತ್ತೀ ಎಂದು ನನಗೆ ಗೊತ್ತು.

ಅಣ್ಣನಿಗೆ ನಮಸ್ಕಾರ ಹೇಳು. ಬೆಲ್ಲ ಅರ್ಧ ದಿನ ಕಾಯುತ್ತದೆ ಎಂದೂ ಹೇಳು. ನಿನ್ನ ಮೊಳಕಾಲಿಗೆ ಎಳ್ಳೆಣ್ಣೆ ತಿಕ್ಕಿಕೋ. ತ್ರಿಶಲಾ ತನ್ನ ಎರಡು ಕಾಲಿನಿಂದ ನಿಮ್ಮಿಬ್ಬರಿಗೂ ಒದ್ದು ನಮಸ್ಕಾರ ತಿಳಿಸಿದ್ದಾಳೆ. ಬಸದಿಗೆ ಹೋದಾಗ ನಮ್ಮೆಲ್ಲರ ಪರವಾಗಿ ಕೈಮುಗಿ. ನಿನಗೆ ಒಳ್ಳೆಯದಾಗಲಿ ಹೀರಾ, ನಿನ್ನ ಕೈ ತಂಪಾಗಿರಲಿ.

ನಿನ್ನ
ಅಕ್ಕಾತಾಯಿ

ತಾ.ಕ.: ಹಾಳೆ ಮಡಚಿ ಲಕೋಟೆಯಲ್ಲಿ ಹಾಕಿದ್ದೆ. ಮತ್ತೆ ತೆಗೆದೆ. ಇಷ್ಟುದ್ದ ಬರೆದು ಎಲ್ಲವನ್ನೂ ಅತ್ತೆಯ ತಲೆಗೆ ಕಟ್ಟಿದ್ದೇನೆ. ತೊಟ್ಟಿಲು ಹಾಕಿದ ದಿನ ಅತ್ತೆ ಅಡಿಗೆಮನೆಯಲ್ಲಿದ್ದರು. ಅವರು ಏನೂ ಅಂದಿರಲಿಲ್ಲ. ಕೂಸು ನಿನ್ನ ತೊಡೆಯ ಮೇಲಿತ್ತು, ಪಕ್ಕದ ಮನೆಯ ಅಕ್ಕವ್ವ ನಿನ್ನ ತೊಡೆಯ ಕಡೆ ಒಮ್ಮೆ ನೋಡಿದಳು, ಅಷ್ಟೇ. ಅವಳೂ ಮಾತಾಡಲಿಲ್ಲ. ಆಗ ನಾನು ಬಂದು, ಹಸಿದೈತಿ, ಕೊಡು ಎಂದು ನಿನ್ನ ಕೈಯಿಂದ ಕೂಸನ್ನು ತೆಗೆದುಕೊಂಡು ಒಳಗೆ ಹೋದೆ. ಅದಕ್ಕೆ ಹತ್ತು ಮಿನಿಟು ಮೊದಲು ನಿನ್ನ ಎದುರಿಗೇ ಹಾಲು ಕುಡಿಸಿ ನಿನಗೆ ಕೊಟ್ಟಿದ್ದೆ. ಅವಳು ಹಸಿದಿರಲಿಲ್ಲ ಹೀರಾ. ಅದು ಅಲ್ಲಿದ್ದವರಲ್ಲಿ ನಿನಗೊಬ್ಬಳಿಗೆ ಗೊತ್ತಿತ್ತು. ತ್ರಿಶಲಾ ಹುಟ್ಟುವ ಮುಂಚೆ ಆರು ವರ್ಷ ಬೇರೆಯವರು ತಮ್ಮ ಕೂಸುಗಳನ್ನು ನನ್ನ ಕೈಯಿಂದ ಹೀಗೇ ತೆಗೆದುಕೊಂಡಾಗ ನಾನು ನಿನ್ನ ಹತ್ತಿರವೇ ಬಂದು ಅಳುತ್ತಿದ್ದೆ. ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ. ರವಿವಾರ ಅವಳನ್ನು ನಿನ್ನ ತೊಡೆಯ ಮೇಲೆ ಕೂರಿಸುತ್ತೇನೆ. ನೀನಾಗಿ ಕೊಡುವವರೆಗೆ ತಿರುಗಿ ಕೇಳುವುದಿಲ್ಲ.