ನೀಲಿ ಕೋಟಿನ ತೇಪೆ

ಮಹಾರಾಣಿ,

ಬಟ್ಟೆ ಬೀರು ಖಾಲಿ ಮಾಡ್ತೀನಿ ಅಂತ, "ಡಿಸೈನರ್ ಕೋಟು, ಮೈಗೆ ಸೋಕಿಸಿಯೇ ಇಲ್ಲ" ಅಂತ ಮೊಬೈಲಲ್ಲಿ ಹಾಕಿ ಮಾರಿದೆಯಲ್ಲ, ಆ ನೀಲಿ ಕೋಟು ನಿನ್ನೆ ನನ್ನ ಹೊಲಿಗೆ ಅಂಗಡಿಗೇ ಬಂತು. ಕೊಂಡ ಟೀಚರಮ್ಮ ಸೊಂಟದ ಹತ್ತಿರ ಬಿಗಿ ಮಾಡಿಸೋಕೆ ತಂದಿದ್ದರು. ತಿರುವಿ ನೋಡಿದರೆ, ಕಂಕುಳಲ್ಲಿ ನೀನು ಹರಿದುಕೊಂಡು ಬಂದಿದ್ದಕ್ಕೆ ನಾನೇ ಹಾಕಿದ ತೇಪೆ!

"ಹೊಸದೇ ಅಲ್ವಾ?" ಅಂದರು. ನಿನ್ನ ಮಾನ ಉಳಿಸೋಕೆ ಹೂಂ ಅಂದೆ. ಗಿರಾಕಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ನಿನಗಾದರೆ ನೀರು ಕುಡಿದಷ್ಟು ಸಲೀಸು.

ಅನ್ನ ಒಲೆ ಮೇಲಿದೆ, ತಿನ್ನು. ಉಳಿದ ಬಟ್ಟೆ ಒಗೆದು ಮಾರು. ಸೆಂಟು ಹೊಡೆದರೆ ಬೆವರಿನ ವಾಸನೆ ಹೋಗಲ್ಲ.

ಸಂಜೆ ಆರಕ್ಕೆ ಟೀಚರಮ್ಮ ಕೋಟು ತಗೊಂಡು ಹೋಗೋಕೆ ಮನೆಗೇ ಬರ್ತಾರೆ. ಬಾಗಿಲು ನೀನೇ ತೆಗಿ. ತೇಪೆ ನನ್ನದು, ಬಿಚ್ಚಿಟ್ಟಿದ್ದೇನೆ. ಹರಕು ನಿನ್ನದು, ನೀನೇ ತೋರಿಸು.

ಅಕ್ಕ